ಹಳೇ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸೋ ಮೊದಲು ಎಸ್‌ಎಂಪಿಎಸ್ ಸ್ಟಿಕರ್ ಓದಿ

ಪ್ರಶ್ನೆ: ಬನಹಟ್ಟಿಯಲ್ಲಿ ಸಣ್ಣ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ, ಸೀಮಂತದ ಆರ್ಡರ್ ಜಾಸ್ತಿ. 2014ರಲ್ಲಿ ಅಸೆಂಬಲ್ ಮಾಡಿಸಿದ ಪಿಸಿ ಇದೆ. ಇಂಟೆಲ್ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ), ವಿಜಿಎ ಕೇಬಲ್‌ನ ಮಾನಿಟರ್, ವಿಂಡೋಸ್ 10. ಆಲ್ಬಮ್ ಫೋಟೊಶಾಪ್‌ನಲ್ಲಿ ಮಾಡುತ್ತೇನೆ, ವಿಡಿಯೊ ಪ್ರೀಮಿಯರ್‌ನಲ್ಲಿ. ಈಗೀಗ ಟೈಮ್‌ಲೈನ್ ಎಳೆದರೆ ವಿಡಿಯೊ ನಿಂತು ನಿಂತು ಓಡುತ್ತದೆ. ಅಂಗಡಿಯವರು '4 ಜಿಬಿ ಜಿಟಿ 730 ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ರಾಕೆಟ್ ಆಗತ್ತ' ಅಂತಾರೆ. ಬೆಳಗಾವಿಯ ಗೆಳೆಯ ಬಳಸಿದ ಆರ್‌ಎಕ್ಸ್ 580 ಕಡಿಮೆ ರೇಟಿಗೆ ಕೊಡ್ತೀನಿ ಅಂತಾನೆ. ಇನ್ನೊಬ್ಬರು, ಹಳೇ ಬೋರ್ಡಿಗೆ ಹೊಸ ಕಾರ್ಡ್ ಹಾಕಿದರೆ ಬೋರ್ಡೇ ಸುಟ್ಟುಹೋಗುತ್ತೆ ಅಂದರು. ಮಗನಿಗೆ ಜಿಟಿಎ 5 ಗೇಮ್ ಆಡಬೇಕು. ನನ್ನ ಹತ್ತಿರ 15 ಸಾವಿರ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಎರಡು ಚಿಂತೆ. ದುಡ್ಡು ಹಾಕಿದ ಮೇಲೂ ಕೆಲಸ ಹಗುರ ಆಗದಿದ್ದರೆ? ಇದ್ದ ಪಿಸಿಯೂ ಮದುವೆ ಸೀಸನ್ ನಡುವೆ ಕೈಕೊಟ್ಟರೆ? ಎರಡೂ ನ್ಯಾಯವಾದ ಚಿಂತೆಯೇ. ಆದರೆ ನಿಮಗೆ ಸಲಹೆ ಕೊಟ್ಟ ಮೂವರಲ್ಲಿ ಒಬ್ಬರೂ ಎಸ್‌ಎಂಪಿಎಸ್ ಬಗ್ಗೆ ಕೇಳಿಲ್ಲ, ನೋಡಿ. ವಿಜಯಪುರದಲ್ಲಿ ನನ್ನ ಟೇಬಲ್ ಮೇಲೆ ಬರುವ 'ಕಾರ್ಡ್ ಹಾಕಿಸಿದ ಮೇಲೆ ಕೆಟ್ಟ' ಪಿಸಿಗಳಲ್ಲಿ ಹೆಚ್ಚಿನವುಗಳ ಕಥೆ ಶುರುವಾಗುವುದು ಅಲ್ಲಿಂದಲೇ.

ಮೊದಲು ಬೋರ್ಡ್ ಸುಡುವ ಮಾತು. ಹಾಗೆ ಆಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಹಳೇದು ಹೊಸದು ಎರಡಕ್ಕೂ ಹೊಂದುವಂತೆಯೇ ಮಾಡಿದ್ದು. ಹೊಸ ಕಾರ್ಡ್ ಹಳೇ ಸ್ಲಾಟಿನಲ್ಲಿ ಹಳೇ ಸ್ಪೀಡಿಗೆ ಇಳಿದು ಕೆಲಸ ಮಾಡುತ್ತದೆ, ಅಷ್ಟೇ. ಸ್ಲಾಟ್ ಮೂಲಕ ಕಾರ್ಡ್ ಎಳೆದುಕೊಳ್ಳಬಹುದಾದ ಕರೆಂಟಿಗೂ ಮಿತಿ ಇದೆ: 75 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ 6 ಪಿನ್ ಅಥವಾ 8 ಪಿನ್ ಕೇಬಲ್ ಕೊಡಬೇಕು. ಇಲ್ಲೇ ಜನ ಎಡವುವುದು. ಕೇಬಲ್ ಇಲ್ಲ ಅಂತ ಹಾರ್ಡ್ ಡಿಸ್ಕ್‌ನ ಮೋಲೆಕ್ಸ್ ಪಿನ್ನಿಗೆ ಕನ್ವರ್ಟರ್ ಸಿಕ್ಕಿಸಿ ದೊಡ್ಡ ಕಾರ್ಡ್ ಓಡಿಸುತ್ತಾರೆ. ತೆಳು ವೈರು ಬಿಸಿಯಾಗಿ ಕನೆಕ್ಟರ್ ಕರಗುತ್ತದೆ, ಇಲ್ಲವೇ ಎಸ್‌ಎಂಪಿಎಸ್ ಢಮ್ ಅನ್ನುತ್ತದೆ. ಹೋಗುವಾಗ ಅದು ಒಮ್ಮೊಮ್ಮೆ ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ. ನೋಡಿದವರು 'ಹೊಸ ಕಾರ್ಡ್ ಬೋರ್ಡ್ ಸುಟ್ಟಿತು' ಅಂತಾರೆ.

ಈಗ ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆಯಿರಿ. ಎಸ್‌ಎಂಪಿಎಸ್ ಮೈಮೇಲೆ ಒಂದು ಸ್ಟಿಕರ್ ಇರುತ್ತದೆ. ದೊಡ್ಡ ಅಕ್ಷರದ 450ನ್ನು ಬಿಡಿ. ಕೆಳಗಿನ ಸಣ್ಣ ಪಟ್ಟಿಯಲ್ಲಿ +3.3ವಿ, +5ವಿ, +12ವಿ ಅಂತ ಕಾಲಂಗಳಿರುತ್ತವೆ. +12ವಿ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ ನೋಡಿ. 14 ಆಂಪಿಯರ್ ಅಂತಿದ್ದರೆ 12ರಿಂದ ಗುಣಿಸಿ, 168 ವ್ಯಾಟ್. ಪ್ರೊಸೆಸರ್ ಆಗಲಿ, ಗ್ರಾಫಿಕ್ಸ್ ಕಾರ್ಡ್ ಆಗಲಿ ತಿನ್ನುವುದು ಹೆಚ್ಚುಕಮ್ಮಿ ಈ 12 ವೋಲ್ಟ್ ಲೈನಿನಿಂದಲೇ. ಉಳಿದ ಲೈನುಗಳ ವ್ಯಾಟ್ ಎಲ್ಲ ಕೂಡಿಸಿ ಮೇಲೆ 450 ಅಂತ ಬರೆದರೆ ನಿಮಗೇನು ಉಪಯೋಗ? ನಿಮ್ಮ ಐ5-4460ರ ಲೆಕ್ಕ 84 ವ್ಯಾಟ್. ಕರೆಂಟ್ ಕೇಬಲ್ ಬೇಡದ ಕಾರ್ಡಿನದು 75. ಎರಡೂ ಸೇರಿ 159. ಅದರ ಮೇಲೆ ಡಿಸ್ಕು, ಫ್ಯಾನು. 168ರ ಎಸ್‌ಎಂಪಿಎಸ್‌ಗೆ ಉಸಿರಾಡಲು ಜಾಗವೇ ಇಲ್ಲ. ಕಡಿಮೆ ರೇಟಿನ ಡಬ್ಬಿಗಳಲ್ಲಿ ಆ ಸ್ಟಿಕರನ್ನೂ ಪೂರ್ತಿ ನಂಬುವ ಹಾಗಿಲ್ಲ. 12ವಿ1, 12ವಿ2 ಅಂತ ಎರಡು ಕಾಲಂ ಇದ್ದರೆ ಎರಡನ್ನೂ ಸುಮ್ನೆ ಕೂಡಿಸಬೇಡಿ. ಒಟ್ಟು ಎಷ್ಟು ಅಂತ ಪಕ್ಕದಲ್ಲೋ ಕೆಳಗೋ ಬೇರೆ ಬರೆದಿರುತ್ತಾರೆ.

ಹನ್ನೊಂದು ವರ್ಷಕ್ಕೂ ಹೆಚ್ಚು ಓಡಿದ ಲೋಕಲ್ ಎಸ್‌ಎಂಪಿಎಸ್ ಆಗಿದ್ದರೆ, ಲೆಕ್ಕ ಸರಿ ಬಂದರೂ ನಾನು ಅದನ್ನು ಬದಲಿಸಿಯೇ ಕಾರ್ಡ್ ಹಾಕುತ್ತೇನೆ. ಒಳಗಿನ ಕೆಪಾಸಿಟರ್‌ಗಳು ಬಿಸಿಗೆ ಒಣಗಿರುತ್ತವೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಕ್ಯಾಬಿನೆಟ್ ಒಳಗಿನ ಕಥೆ ಕೇಳಬೇಡಿ. ಅದರ ಮೇಲೆ ನಿಮ್ಮದು ಮಗ್ಗದ ಊರು. ಸುತ್ತಲಿನ ಪವರ್‌ಲೂಮ್ ಮೋಟರ್‌ಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಇಳಿದಷ್ಟೂ ಎಸ್‌ಎಂಪಿಎಸ್ ಜಾಸ್ತಿ ಕರೆಂಟ್ ಎಳೆದು ಜಾಸ್ತಿ ಕಾಯುತ್ತದೆ. ಹೆಸರಿರುವ ಕಂಪನಿಯ, 80 ಪ್ಲಸ್ ಗುರುತಿನ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ ಗುರುತು), 12 ವೋಲ್ಟ್ ಲೈನ್ ಒಂದರಲ್ಲೇ 400 ವ್ಯಾಟ್ ಸುಮಾರು ಕೊಡುವ 450 ವ್ಯಾಟ್‌ನದು ನಿಮಗೆ ಸಾಕು. 650, 750 ಬೇಡ.

ಒಂದು ಎಚ್ಚರಿಕೆ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅನ್ನೋ, ಕರೆಂಟನ್ನು ಹದವಾಗಿ ಎಳೆದುಕೊಳ್ಳುವ ಸರ್ಕ್ಯೂಟ್ ಇರುತ್ತದೆ. ಅದು ಕೆಲವು ಅಗ್ಗದ ಯುಪಿಎಸ್ ಜೊತೆ ಹೊಂದುವುದಿಲ್ಲ, ಕರೆಂಟ್ ಹೋದ ಕೂಡಲೇ ಪಿಸಿಯೂ ಆಫ್ ಆಗುತ್ತದೆ. ಹೊಸದು ಹಾಕಿಸಿದ ದಿನವೇ ಅಂಗಡಿಯವರ ಎದುರಿಗೆ ನಿಮ್ಮ ಯುಪಿಎಸ್‌ನ ಪ್ಲಗ್ ಕಿತ್ತು ಪರೀಕ್ಷೆ ಮಾಡಿ.

ಮುಚ್ಚಳ ತೆಗೆದಿದ್ದೀರಲ್ಲ, ಪ್ರೊಸೆಸರ್ ಫ್ಯಾನನ್ನೂ ನೋಡಿ. ರಬಕವಿ, ಬನಹಟ್ಟಿ, ಇಳಕಲ್ ಕಡೆಯಿಂದ ಬರುವ ಪಿಸಿಗಳಲ್ಲಿ ಫ್ಯಾನಿನ ಕೆಳಗೆ ಬೂದು ಬಣ್ಣದ ಒಂದು ಪದರ ಕೂತಿರುತ್ತದೆ. ನೂಲಿನ ಜುಂಗು, ಧೂಳು, ಅಡುಗೆಮನೆಯ ಎಣ್ಣೆ ಹೊಗೆ ಸೇರಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿರುತ್ತದೆ. ಮೇಲಿನಿಂದ ನೋಡಿದರೆ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಕೆಳಗಿನ ಅಲ್ಯೂಮಿನಿಯಂ ಎಲೆಗಳಿಗೆ ಮುಟ್ಟುವುದೇ ಇಲ್ಲ. ಪ್ರೊಸೆಸರ್ ಬಿಸಿಯಾಗಿ ತಾನೇ ಸ್ಪೀಡ್ ಇಳಿಸಿಕೊಳ್ಳುತ್ತದೆ. ಫ್ಯಾನ್ ಬಿಚ್ಚಿ ಆ ಪದರ ತೆಗೆದು, ಹೊಸ ಥರ್ಮಲ್ ಪೇಸ್ಟ್ ಹಚ್ಚಿಸಿ. ಇಷ್ಟಕ್ಕೇ ಅರ್ಧ ಗುಣ ಕಂಡವರಿದ್ದಾರೆ.

ಇನ್ನು ಜಿಟಿ 730. ಇದನ್ನು ತರಬೇಡಿ. '4 ಜಿಬಿ' ಅನ್ನೋದು ಕೇಳಲು ಚೆನ್ನ, ಆದರೆ ಕಾರ್ಡಿನ ಶಕ್ತಿ ಮೆಮೊರಿಯ ಗಾತ್ರದಲ್ಲಿಲ್ಲ. ಈ ಕಾರ್ಡ್ ಬಂದದ್ದು 2014ರಲ್ಲಿ, ನಿಮ್ಮ ಪಿಸಿಯಷ್ಟೇ ಹಳೇದು. ಪೇಟೆಯಲ್ಲಿ ಸಿಗುವ 64 ಬಿಟ್ ಡಿಡಿಆರ್3 ಮಾದರಿಯಲ್ಲಿ ಮೆಮೊರಿ ಓಡುವುದು ಸೆಕೆಂಡಿಗೆ 14.4 ಜಿಬಿ ಸ್ಪೀಡಿನಲ್ಲಿ. ನಿಮ್ಮ ಪ್ರೊಸೆಸರ್ ಒಳಗೇ ಎಚ್‌ಡಿ 4600 ಅನ್ನೋ ಗ್ರಾಫಿಕ್ಸ್ ಇದೆ. ನೀವು 1600 ಸ್ಪೀಡಿನ ಎರಡು ರ‍್ಯಾಮ್ ಜೋಡಿಯಾಗಿ ಹಾಕಿದರೆ ಅದಕ್ಕೇ 25.6 ಜಿಬಿ ಸಿಗುತ್ತದೆ. ಅಂದರೆ ದುಡ್ಡು ಕೊಟ್ಟು ಇರುವುದಕ್ಕಿಂತ ಕಿರಿದಾದ ದಾರಿ ತಂದ ಹಾಗೆ. ಹೋಲಿಕೆಗೆ ಹೇಳುತ್ತೇನೆ, 2019ರ ಜಿಟಿಎಕ್ಸ್ 1650ರದ್ದು 128 ಜಿಬಿ. ಜೊತೆಗೆ ಜಿಟಿ 710, 730 ಕಾರ್ಡುಗಳಿಗೆ ಎನ್‌ವಿಡಿಯಾ ಹೊಸ ಡ್ರೈವರ್ (ಕಾರ್ಡನ್ನು ವಿಂಡೋಸ್ ಜೊತೆ ಓಡಿಸುವ ಸಾಫ್ಟ್‌ವೇರ್) ಕೊಡುವುದನ್ನೇ ನಿಲ್ಲಿಸಿದೆ. ಮಾನಿಟರಿಗೆ ಚಿತ್ರ ಬರಬೇಕು, ಅಷ್ಟೇ ಸಾಕು ಅನ್ನುವವರಿಗೆ ಈ ಕಾರ್ಡ್. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ, ರ‍್ಯಾಕಿನಲ್ಲಿ ಇರುವುದನ್ನೇ ತಾನೇ ಅವರು ಮಾರಬೇಕು.

ಆರ್‌ಎಕ್ಸ್ 580 ನಿಜಕ್ಕೂ ಬಲವಾದ ಕಾರ್ಡ್. ಆದರೆ ಅದು 185 ವ್ಯಾಟ್ ತಿನ್ನುತ್ತದೆ, 8 ಪಿನ್ ಕೇಬಲ್ ಕೇಳುತ್ತದೆ. ನಿಮ್ಮ ಈಗಿನ ಎಸ್‌ಎಂಪಿಎಸ್ ಮೇಲೆ ಅದನ್ನು ಹಾಕುವ ಮಾತೇ ಬೇಡ. ಇನ್ನೊಂದು, ಇದೇ ಹೆಸರಿನಲ್ಲಿ 2048ಎಸ್‌ಪಿ ಅನ್ನೋ ಕಡಿಮೆ ಶಕ್ತಿಯ ಮಾದರಿಯೂ ಓಡಾಡುತ್ತಿದೆ. ಆ 2048 ಅನ್ನೋದು ಒಳಗಿನ ಲೆಕ್ಕ ಮಾಡುವ ಘಟಕಗಳ ಸಂಖ್ಯೆ, ಅಸಲಿಯಲ್ಲಿ 2304 ಇರಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಕಾರ್ಡುಗಳನ್ನು ಓಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) ನಿಂತ ಮೇಲೆ ಹಗಲು ರಾತ್ರಿ ದುಡಿದ ಇಂಥ ಕಾರ್ಡುಗಳು ರಾಶಿ ರಾಶಿ ಪೇಟೆಗೆ ಬಂದವು. ಮೈನಿಂಗ್ ಮಾಡಿದ್ದೆಲ್ಲ ಕೆಟ್ಟಿದೆ ಅನ್ನೋದೂ ಉತ್ಪ್ರೇಕ್ಷೆ. ಒಂದೇ ಹದದಲ್ಲಿ ಓಡಿದ ಚಿಪ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಸವೆದಿರುವುದು ಫ್ಯಾನು, ಒಣಗಿರುವುದು ಪೇಸ್ಟು. ಗೆಳೆಯ ಗೇಮ್ ಆಡಿದ್ದೋ ಮೈನಿಂಗ್ ಮಾಡಿದ್ದೋ ನೇರವಾಗಿ ಕೇಳಿ. ಹೇಗಿದ್ದರೂ ದಿನಕ್ಕೆ ಹತ್ತು ತಾಸು ಆನ್ ಇರುವ ಸ್ಟುಡಿಯೊ ಪಿಸಿಗೆ, ಅದೂ ನಮ್ಮ ಬೇಸಿಗೆಗೆ, ಇಷ್ಟು ಬಿಸಿ ಕಾರುವ ಕಾರ್ಡ್ ನನಗೆ ಇಷ್ಟವಿಲ್ಲ.

ಸರಿ, ಹಾಗಾದರೆ ಯಾವ ಕಾರ್ಡ್? ಅದಕ್ಕೂ ಮೊದಲು, ಕಾರ್ಡ್ ಬೇಕಾ ಅನ್ನೋದನ್ನೇ ನೋಡೋಣ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಬಿಟ್ಟು, ನಿಮ್ಮ ರೋಜಿನ ಕೆಲಸ ಮಾಡಿ. ದೊಡ್ಡ ಆಲ್ಬಮ್‌ನ ಪಿಎಸ್‌ಡಿ (ಫೋಟೊಶಾಪ್ ಫೈಲ್) ತೆರೆದಾಗ ಡಿಸ್ಕ್ ಶೇ 100ಕ್ಕೆ ಅಂಟಿಕೊಂಡು, ಮೆಮೊರಿ ಶೇ 90 ದಾಟಿದರೆ ತೊಂದರೆ ಕಾರ್ಡಿನದಲ್ಲ. ಹತ್ತಾರು ಲೇಯರಿನ ಕರಿಜ್ಮಾ ಆಲ್ಬಮ್ ಹಾಳೆಗೆ 8 ಜಿಬಿ ಸಾಲುವುದಿಲ್ಲ. ಸಾಲದ್ದನ್ನು ಫೋಟೊಶಾಪ್ ಡಿಸ್ಕ್ ಮೇಲೆ ಬರೆಯುತ್ತದೆ, ನಿಮ್ಮದು ತಿರುಗುವ ಹಾರ್ಡ್ ಡಿಸ್ಕ್. ಅದರ ಓಟ ಸೆಕೆಂಡಿಗೆ 100ರಿಂದ 150 ಎಂಬಿ, ಸಾಟಾ ಎಸ್‌ಎಸ್‌ಡಿಯದು 500ರ ಮೇಲೆ. ಸಣ್ಣ ಸಣ್ಣ ಫೈಲುಗಳಲ್ಲಂತೂ ಅಂತರ ಇನ್ನೂ ದೊಡ್ಡದು. ಹಾಗಾಗಿ ನಿಮ್ಮ ಮೊದಲ ದುಡ್ಡು 500 ಜಿಬಿ ಆಸುಪಾಸಿನ ಒಂದು ಎಸ್‌ಎಸ್‌ಡಿಗೆ, ಎರಡನೆಯದು ಇನ್ನೊಂದು 8 ಜಿಬಿ ರ‍್ಯಾಮಿಗೆ ಹೋಗಬೇಕು. ಎಚ್81 ಬೋರ್ಡಿನಲ್ಲಿ ವೇಗದ ಸಾಟಾ ಪೋರ್ಟ್ ಎರಡೇ, ಉಳಿದೆರಡು ಅರ್ಧ ಸ್ಪೀಡಿನವು. ಬೋರ್ಡಿನ ಮೇಲೆ ಸಾಟಾ 6ಜಿ ಅಂತ ಬರೆದಿರುವುದಕ್ಕೇ ಸಿಕ್ಕಿಸಲು ಹೇಳಿ. ರ‍್ಯಾಮ್ ಕೊಳ್ಳುವಾಗ ಇನ್ನೊಂದು ವಿಷಯ: 'ಎಎಂಡಿಗೆ ಮಾತ್ರ' ಅಂತ ಸಣ್ಣಗೆ ಬರೆದ ಡಿಡಿಆರ್3 ರ‍್ಯಾಮ್ ಅಗ್ಗಕ್ಕೆ ಸಿಗುತ್ತದೆ. ಅದು ನಿಮ್ಮ ಇಂಟೆಲ್ ಬೋರ್ಡಿನಲ್ಲಿ ಓಡುವುದಿಲ್ಲ.

ವಿಡಿಯೊ ಕಥೆ ಬೇರೆ. ಮೊದಲೆಲ್ಲ ಸುಸೂತ್ರವಾಗಿ ಓಡುತ್ತಿದ್ದುದು ಈಗ ಯಾಕೆ ನಿಲ್ಲುತ್ತದೆ? ಬಹುಶಃ ಕ್ಯಾಮೆರಾ ಬದಲಾಯಿಸಿದ್ದೀರಿ, ಅಥವಾ ಐಫೋನ್, ಡ್ರೋನ್ ಫೈಲ್ ಸೇರಿಸುತ್ತಿದ್ದೀರಿ. ಹಳೇ ಕ್ಯಾಮೆರಾಗಳು ವಿಡಿಯೊವನ್ನು ಎಚ್.264 ಅನ್ನೋ ವಿಧಾನದಲ್ಲಿ ಕುಗ್ಗಿಸಿ ಬರೆಯುತ್ತಿದ್ದವು. ಹೊಸವುಗಳಲ್ಲಿ ಹಲವು ಎಚ್.265ನಲ್ಲಿ ಬರೆಯುತ್ತವೆ. ಫೈಲ್ ಚಿಕ್ಕದಾಗುತ್ತದೆ, ಬಿಡಿಸುವ ಕೆಲಸ ಹೆಚ್ಚುತ್ತದೆ. ನಿಮ್ಮ ಎಚ್‌ಡಿ 4600ಗೆ ಅದನ್ನು ಬಿಡಿಸುವ ಪೂರ್ತಿ ಹಾರ್ಡ್‌ವೇರ್ ಇಲ್ಲ, ಭಾರವೆಲ್ಲ ಪ್ರೊಸೆಸರಿನ ನಾಲ್ಕು ಕೋರ್ ಮೇಲೆ. ಇಲ್ಲಿ ಕಾರ್ಡ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಬಣ್ಣ ತಿದ್ದುವುದಕ್ಕೂ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವುದಕ್ಕೂ ಸಹಾಯ.

ಆದರೆ ಒಂದು ಷರತ್ತು ಇದೆ, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮೀಡಿಯಾಇನ್ಫೊ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ನಿಮ್ಮ ಕ್ಯಾಮೆರಾದ ಒಂದು ಫೈಲ್ ತೆರೆಯಿರಿ. ಫೈಲ್ ಎಷ್ಟು ಬಣ್ಣದ ವಿವರ ಇಟ್ಟುಕೊಂಡಿದೆ ಅಂತ ಹೇಳುವ ಸಾಲಿನಲ್ಲಿ (ಕ್ರೋಮಾ ಸಬ್‌ಸ್ಯಾಂಪ್ಲಿಂಗ್) 4:2:0 ಅಂತಿದ್ದರೆ ಸರಿ. 4:2:2, 10 ಬಿಟ್ ಅಂತಿದ್ದರೆ ನಿಲ್ಲಿ. ಅಂಥ ಫೈಲನ್ನು ಆರ್‌ಟಿಎಕ್ಸ್ 50 ಸರಣಿಗಿಂತ ಹಿಂದಿನ ಯಾವ ಎನ್‌ವಿಡಿಯಾ ಜಿಫೋರ್ಸ್ ಕಾರ್ಡೂ ಹಾರ್ಡ್‌ವೇರ್‌ನಲ್ಲಿ ಬಿಡಿಸುವುದಿಲ್ಲ. ನೀವು ಕಾರ್ಡ್ ಹಾಕಿಸಿದ ಮೇಲೂ ಟೈಮ್‌ಲೈನ್ ಹಾಗೇ ನಿಂತು ನಿಂತು ಓಡುತ್ತದೆ. ವಿಚಿತ್ರ ಅನ್ನಿಸಬಹುದು, 12ನೇ ತಲೆಮಾರಿನ ಐ5-12400 ಪ್ರೊಸೆಸರ್ ಯಾವ ಕಾರ್ಡೂ ಇಲ್ಲದೆ ತನ್ನ ಒಳಗಿನ ಗ್ರಾಫಿಕ್ಸ್‌ನಲ್ಲೇ ಅಂಥ ಎಚ್.265 ಫೈಲ್ ಬಿಡಿಸುತ್ತದೆ. ಹೆಸರಿನ ಕೊನೆಗೆ ಎಫ್ ಇರುವುದನ್ನು ಮಾತ್ರ ಕೊಳ್ಳಬೇಡಿ, ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಹೊಸ ಪಿಸಿ ಮಾಡಿಸುವವರೆಗೆ ಪ್ರೀಮಿಯರ್‌ನಲ್ಲಿ ಪ್ರಾಕ್ಸಿ, ಅಂದರೆ ವಿಡಿಯೊದ ಹಗುರ ನಕಲು, ಮಾಡಿಕೊಳ್ಳಿ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಹಗುರ ಫೈಲ್ ಸಿದ್ಧ ಇರುತ್ತವೆ. ಎಡಿಟ್ ಅದರಲ್ಲಿ, ಎಕ್ಸ್‌ಪೋರ್ಟ್ ಅಸಲಿಯಿಂದ. ಖರ್ಚು ಸೊನ್ನೆ.

4:2:0 ಅಂತ ಬಂದರೆ ನನ್ನ ಮೊದಲ ಆಯ್ಕೆ ಜಿಟಿಎಕ್ಸ್ 1650. 75 ವ್ಯಾಟ್, ಬಹಳಷ್ಟು ಮಾದರಿಗಳಿಗೆ ಬೇರೆ ಕೇಬಲ್ ಬೇಡ. ಕೆಲವು ಮಾದರಿ 6 ಪಿನ್ ಕೇಳುತ್ತವೆ, ನೋಡಿ ತನ್ನಿ. ಹೆಸರಿನ ಕೊನೆಗೆ ಸೂಪರ್ ಅಂತಿದ್ದರೆ ಅದು 100 ವ್ಯಾಟಿನದು. ನಿಮ್ಮ ಎಚ್81 ಬೋರ್ಡಿನ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ 2.0, ಈ ಕಾರ್ಡ್ ಅದರ 16 ಲೇನ್ (ಡೇಟಾ ಓಡಾಡುವ ದಾರಿ) ಪೂರ್ತಿ ಬಳಸುವುದರಿಂದ ಹಳೇ ಸ್ಲಾಟಿನಲ್ಲೂ ಹೆಚ್ಚು ನಷ್ಟವಿಲ್ಲ. ತೊಂದರೆ ಏನೆಂದರೆ, ಹೊಸದು ಸಿಗುವುದು ಕಷ್ಟವಾಗುತ್ತಿದೆ, ಬಳಸಿದ್ದೇ ಜಾಸ್ತಿ. ಹೊಸದೇ ಬೇಕು ಅಂದರೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. 70 ವ್ಯಾಟ್, ಕೇಬಲ್ ಬೇಡ, 2024ರಲ್ಲಿ ಬಂದದ್ದು, ಡ್ರೈವರ್ ಇನ್ನೂ ಹಲವು ವರ್ಷ ಸಿಗಬಹುದು. ಇದು 8 ಲೇನಿನದು, ನಿಮ್ಮ ಸ್ಲಾಟಿನಲ್ಲಿ ಸ್ವಲ್ಪ ಕುಗ್ಗುತ್ತದೆ. ಆದರೆ ನಾಳೆ ಹೊಸ ಪಿಸಿ ಮಾಡಿಸಿದಾಗ ಇದೇ ಕಾರ್ಡನ್ನು ಎತ್ತಿ ಅಲ್ಲಿ ಕೂರಿಸಬಹುದು. 8 ಜಿಬಿ 3050 ಬೇರೆ ಜಾತಿ, 130 ವ್ಯಾಟ್.

ಜಿಟಿಎಕ್ಸ್ 1050 ಟಿಐ ಅಗ್ಗಕ್ಕೆ ಸಿಕ್ಕರೆ? ಕೆಲಸ ಮಾಡುತ್ತದೆ. ಆದರೆ ಆ ತಲೆಮಾರಿಗೆ ಎನ್‌ವಿಡಿಯಾದ ಮಾಮೂಲಿ ಡ್ರೈವರ್ 2025ರ ಅಕ್ಟೋಬರ್‌ಗೆ ಮುಗಿದಿದೆ, ಇನ್ನು 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. ಎಎಂಡಿಯ ಆರ್‌ಎಕ್ಸ್ 6400 ಬೇಡ. ನಾಲ್ಕೇ ಲೇನ್ ಇರುವುದರಿಂದ ನಿಮ್ಮ ಬೋರ್ಡಿನಲ್ಲಿ ಉಸಿರು ಕಟ್ಟುತ್ತದೆ, ಎಕ್ಸ್‌ಪೋರ್ಟ್ ಬೇಗ ಮುಗಿಸಲು ಬೇಕಾದ ವಿಡಿಯೊ ಎನ್‌ಕೋಡರ್ ಅಂತೂ ಇಲ್ಲವೇ ಇಲ್ಲ. ಜಿಟಿ 1030ರಲ್ಲೂ ಎನ್‌ಕೋಡರ್ ಇಲ್ಲ. ಇಂಟೆಲ್ ಆರ್ಕ್ ಕಾರ್ಡುಗಳು ವಿಡಿಯೊಗೆ ಚೆನ್ನ, ಆದರೆ ಅವಕ್ಕೆ ಬೇಕಾದ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಮ್ಮೆಗೇ ಬಳಸುವ ಸೌಲಭ್ಯ) ನಿಮ್ಮ ಬೋರ್ಡಿನಲ್ಲಿಲ್ಲ.

ರೇಟು ಬರೆಯುತ್ತಿಲ್ಲ, ವಾರಕ್ಕೊಮ್ಮೆ ಬದಲಾಗುತ್ತದೆ. ಎಸ್‌ಎಸ್‌ಡಿ, ರ‍್ಯಾಮ್, ಎಸ್‌ಎಂಪಿಎಸ್ ಮೂರೂ ಆದ ಮೇಲೆ ಹದಿನೈದು ಸಾವಿರದಲ್ಲಿ ಎಷ್ಟು ಉಳಿಯುತ್ತದೋ ನೋಡಿ. ಹೊಸ ಕಾರ್ಡಿಗೆ ಸಾಲದಿದ್ದರೆ ಒಂದು ಮದುವೆ ಆರ್ಡರ್ ಈ ಮೂರರ ಮೇಲೇ ಮುಗಿಸಿ. ಆಮೇಲೂ ಬೇಕನ್ನಿಸಿದರೆ ಕಾರ್ಡ್ ತನ್ನಿ. ಇನ್ನೊಂದನ್ನೂ ಲೆಕ್ಕಕ್ಕೆ ತಗೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೆಸರು ನೋಂದಾಯಿಸಿದ ಮನೆಬಳಕೆಯ ಪಿಸಿಗಳಿಗೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್. ವಿಂಡೋಸ್ 11 ಅಧಿಕೃತವಾಗಿ ನಿಮ್ಮ ಪ್ರೊಸೆಸರ್‌ಗೆ ಇಲ್ಲ. ಅದಕ್ಕೇ ಹೊಸ ಪಿಸಿಗೂ ಬರುವ ಸಾಮಾನಿಗೆ ದುಡ್ಡು ಹಾಕಿ ಅನ್ನುತ್ತೇನೆ. ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕಾರ್ಡ್ ಮೂರೂ ಬರುತ್ತವೆ. ಡಿಡಿಆರ್3 ರ‍್ಯಾಮ್ ಮಾತ್ರ ಬರುವುದಿಲ್ಲ, ಅದನ್ನು ಬಳಸಿದ್ದೇ ಕೊಳ್ಳಿ.

ಬಳಸಿದ ಕಾರ್ಡ್ ಆದರೆ ಫೋಟೊ ನೋಡಿ ದುಡ್ಡು ಕಳಿಸಬೇಡಿ. ಓಡುವ ಪಿಸಿಗೆ ಹಾಕಿ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆಸಿ. ಹಳೇ ಚಿಪ್ಪಿಗೆ ಹೊಸ ಹೆಸರಿನ ಬಯಾಸ್ (ಒಳಗಿನ ಮೂಲ ಸಾಫ್ಟ್‌ವೇರ್) ತುಂಬಿ 1050 ಟಿಐ ಅಂತ ಮಾರುವವರಿದ್ದಾರೆ, ಆ ಸಾಫ್ಟ್‌ವೇರ್ ಅಂಥದನ್ನು ಹೆಸರಿನ ಮುಂದೆ ಫೇಕ್ ಅಂತಲೇ ತೋರಿಸುತ್ತದೆ. ಆಮೇಲೆ ಕಾರ್ಡಿಗೆ ಪೂರ್ತಿ ಭಾರ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ ಸಾಫ್ಟ್‌ವೇರ್ ಹಚ್ಚಿ ಕಾಲು ತಾಸು ಬಿಡಿ. ಪರದೆ ಮೇಲೆ ಚುಕ್ಕಿ, ಗೆರೆ ಬಂದರೆ ಅಥವಾ ಬಿಸಿ 85 ಡಿಗ್ರಿ ದಾಟಿ ಏರುತ್ತಲೇ ಇದ್ದರೆ ವಾಪಸ್ ಕೊಡಿ. ಬಿಲ್, ಸೀರಿಯಲ್ ನಂಬರ್ ಎರಡೂ ಕೇಳಿ.

ಮಗನ ಆಟದ ಚಿಂತೆ ಬಿಡಿ. ಜಿಟಿಎ 5 ಬಿಡುಗಡೆಯಾದಾಗ ಶಿಫಾರಸು ಮಾಡಿದ್ದೇ ಐ5-3470, ಜಿಟಿಎಕ್ಸ್ 660, 8 ಜಿಬಿ ರ‍್ಯಾಮ್. 1650 ಅದಕ್ಕಿಂತ ಬಹಳ ಮುಂದಿದೆ. ಆದರೆ ಅದು ಸ್ಟುಡಿಯೊ ಪಿಸಿ. ಕಂಡ ಕಂಡ ಜಾಗದಿಂದ ಕ್ರ್ಯಾಕ್ ಗೇಮ್ ಇಳಿಸಿದರೆ ಗಿರಾಕಿಗಳ ಮದುವೆ ಫೋಟೊಗಳೆಲ್ಲ ಲಾಕ್ ಆಗುವ ವೈರಸ್ ಜೊತೆಗೇ ಬರಬಹುದು. ಫೋಟೊಗಳ ಇನ್ನೊಂದು ಕಾಪಿ ಹೊರಗಿನ ಡಿಸ್ಕಿನಲ್ಲಿ ಇಡಿ, ಕೆಲಸ ಆದ ಮೇಲೆ ಅದನ್ನು ಕಿತ್ತಿಡಿ.

ಉಳಿದದ್ದು ಮಾನಿಟರ್. ನಾನು ತನ್ನಿ ಅಂದ ಕಾರ್ಡುಗಳಲ್ಲಿ ಸಾಮಾನ್ಯವಾಗಿ ವಿಜಿಎ ಪೋರ್ಟ್ ಇರುವುದಿಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಆಕ್ಟಿವ್ ಕನ್ವರ್ಟರ್ ಬೇಕು. ಒಳಗೆ ಚಿಪ್ ಇಲ್ಲದ ಬರೀ ಕೇಬಲ್ ನಡೆಯುವುದಿಲ್ಲ. ಕಾರ್ಡ್ ಕೂರಿಸುವ ಮೊದಲು ಹಾರ್ಡ್ ಡಿಸ್ಕ್‌ನ ಗೂಡಿನವರೆಗೆ ಎಷ್ಟು ಸೆಂಟಿಮೀಟರ್ ಜಾಗ ಇದೆ ಅಳೆಯಿರಿ. ಒಂದೇ ಫ್ಯಾನಿನ ಮಾದರಿ ನಿಮಗೆ ಸುಲಭ. ಬಯಾಸ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ಆಫ್ ಮಾಡಿಸಬೇಡಿ. ಆನ್ ಇದ್ದರೆ ಕೆಲವು ಫೈಲ್‌ಗಳಿಗೆ ಪ್ರೀಮಿಯರ್ ಅದನ್ನೂ ಬಳಸಿಕೊಳ್ಳಬಹುದು. ಎಲ್ಲ ಹಾಕಿ ಆನ್ ಮಾಡಿದಾಗ ಪರದೆ ಕಪ್ಪಗಿದ್ದರೆ ಗಾಬರಿಯಾಗಬೇಡಿ. ಹಿಂದೆ ಹೋಗಿ ನೋಡಿ, ಮಾನಿಟರ್ ಕೇಬಲ್ ಇನ್ನೂ ಮದರ್‌ಬೋರ್ಡಿನ ಪೋರ್ಟಿಗೇ ಇರುತ್ತದೆ. ಅದನ್ನು ಕಿತ್ತು ಕೆಳಗಿರುವ ಕಾರ್ಡಿನ ಪೋರ್ಟಿಗೆ ಹಾಕಿ.